ಕಮಾನಿನ ಬೆಳ್ಳಕ್ಕ

ಬೆಳ್ಳಕ್ಕ ಮನುಷ್ಯರನ್ನು ಗುರುತಿಟ್ಟುಕೊಳ್ಳುತ್ತಿದ್ದುದು ಮುಖದಿಂದಲ್ಲ, ಬೆನ್ನಿನಿಂದ. ಹೊಸಬರು ಯಾರಾದರೂ ಅಂಗಡಿಗೆ ಬಂದರೆ ಅವಳು ಮಾತಿಗೆ ಮೊದಲು ಅವರ ಹಿಂದಕ್ಕೆ ಹೋಗಿ ನಿಲ್ಲುವಳು, ಎರಡು ಹೆಜ್ಜೆ ಸರಿದು, ಕತ್ತನ್ನು ತುಸು ಓರೆಮಾಡಿ, ಬಲಗಣ್ಣನ್ನು ಕಿರಿದುಗೊಳಿಸಿ, ಎದುರಿಗಿರುವುದು ಲಾರಿಯೋ ಕಾರೋ ಕಾಲೇಜಿನ ಅಧ್ಯಾಪಕನೋ ಎಂಬ ಭೇದವೆಣಿಸದೆ ಒಮ್ಮೆ ಅಳೆದುಕೊಂಡ ಮೇಲೆಯೇ ಮುಂದೆ ಬಂದು, "ಎಂತ ಆತು?" ಎಂದು ಕೇಳುವಳು. ಹೊನ್ನಾವರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಎಪ್ಪತ್ತೊಂಬತ್ತರ ಒಂದು ಭಾನುವಾರ ನನ್ನ ಮುದಿ ಫಿಯೆಟ್ಟನ್ನು ಅವಳ ಮುಂದೆ ನಿಲ್ಲಿಸಿದಾಗಲೂ ಹೀಗೆಯೇ ಆಯಿತು. ಕಾರನ್ನು ನೋಡಿದಳು, ನನ್ನನ್ನೂ ನೋಡಿದಳು.

"ಗಾಡಿ ಎಡಕ್ಕೆ, ನೀವು ಬಲಕ್ಕೆ," ಎಂದಳು. "ಗಾಡಿದು ಕಮಾನು ಸೋತದ್ದು. ನಿಮ್ಮದು ಪುಸ್ತಕದ ಚೀಲ. ನಾಳೆಯಿಂದ ಆ ಹೆಗಲಿಗೆ ಹಾಕಿ."

ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖದಲ್ಲಿ ಮೂಗುತಿಯೊಂದೇ ಹೊಳೆಯುವ ವಸ್ತು. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿಯೊಂದನ್ನು ತೊಟ್ಟು, ಅದರ ತೋಳುಗಳನ್ನು ಮೊಣಕೈಯವರೆಗೆ ಮಡಿಚಿರುತ್ತಿದ್ದಳು. ನಡೆಯುವಾಗ ಹಿಮ್ಮಡಿಗಿಂತ ಮೊದಲು ಬೆರಳು ಊರುತ್ತಿತ್ತು, ಒದ್ದೆ ಮರಳಿನ ಮೇಲೆ ನಡೆದು ಕಲಿತವರ ನಡಿಗೆ ಅದು. 'ಸರಿ' ಎಂಬ ಮಾತು ಅವಳ ಬಾಯಲ್ಲಿ ಇರಲೇ ಇಲ್ಲ. ಸರಿಯಾದದ್ದಕ್ಕೆಲ್ಲ ಅವಳದು ಒಂದೇ ಪದ, 'ಕೂತ್ಕಂತು'. ಗಾಡಿಯೂ ಕೂತುಕೊಳ್ಳಬೇಕು, ಅನ್ನವೂ ಕೂತುಕೊಳ್ಳಬೇಕು, ನನ್ನ ತಂಗಿಯ ಮದುವೆಯ ಸುದ್ದಿ ಕೇಳಿದಾಗಲೂ, "ಕೂತ್ಕಂತಾ?" ಎಂದೇ ವಿಚಾರಿಸಿದ್ದಳು.

ಭಟ್ಕಳದ ಪೇಟೆ ದಾಟಿ, ತೆಂಗಿನಗುಂಡಿಯ ಕಡೆಗೆ ದಾರಿ ಹೊರಳುವಲ್ಲಿ ಅವಳ ಅಂಗಡಿಯಿತ್ತು. ನಾಲ್ಕು ಕಂಬ, ಮೇಲೆ ಹೆಂಚು, ಕೆಳಗೆ ಕೆಂಪುಕಲ್ಲು ಹಾಸಿದ ನೆಲ. ಎಲ್ಲಿ ನೀರು ಚೆಲ್ಲಿದರೂ ಯಾವ ಕಡೆಗೂ ಹರಿಯದೆ ನಿಂತಲ್ಲೇ ನಿಲ್ಲುವಷ್ಟು ಸಮತಟ್ಟು. ವಾಹನದ ಭಾರವನ್ನೆಲ್ಲ ಹೊತ್ತು ಚಕ್ರದ ಮೇಲೆ ಕೂರಿಸುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಕಮಾನು ಎನ್ನುತ್ತಾರೆ. ವರ್ಷಗಳು ಉರುಳಿದಂತೆ ಆ ಬಾಗು ಸೋಲುತ್ತದೆ. ಎರಡು ಬದಿಯೂ ಒಂದೇ ಹದದಲ್ಲಿ ಸೋತರೆ ಗಾಡಿ ತಗ್ಗುತ್ತದೆ, ಅಷ್ಟೇ. ಒಂದು ಬದಿ ಮೊದಲು ಸೋತರೆ ವಾಲುತ್ತದೆ. ಆ ವಾಲನ್ನು ನೀಗುವುದು ಬೆಳ್ಳಕ್ಕನ ಕಸುಬು. ಬೆಂಕಿ ಕಂಡ ಉಕ್ಕು ಹದ ಕಳೆದುಕೊಳ್ಳುತ್ತದೆಂದು ಪಟ್ಟಿಯನ್ನು ಕುಲುಮೆಗೆ ಹಾಕದೆ, ತಣ್ಣಗಿದ್ದಂತೆಯೇ ಅಡಿಗಲ್ಲಿನ ಮೇಲಿಟ್ಟು, ಬೆರಳಗಲಕ್ಕೊಂದು ಪೆಟ್ಟಿನಂತೆ ಬಡಿದು ಬಾಗು ತರುತ್ತಿದ್ದಳು, ಇಲ್ಲವೆ ಬಾಗು ಇಳಿಸುತ್ತಿದ್ದಳು. ಅಳತೆಗೆ ಅವಳ ಬಳಿ ಟೇಪು ಇರಲಿಲ್ಲ. ತೆಂಗಿನ ಗರಿಯ ಕಡ್ಡಿಯೊಂದನ್ನು ನೆಲದಿಂದ ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಮುರಿದು, ಅದನ್ನೇ ಇನ್ನೊಂದು ಬದಿಗೆ ಒಯ್ದು ನಿಲ್ಲಿಸಿ, ಉಳಿದ ಅಂತರವನ್ನು ಅಕ್ಕಿಕಾಳಿನ ಲೆಕ್ಕದಲ್ಲಿ ಹೇಳುವಳು. 'ಮೂರು ಅಕ್ಕಿಕಾಳು' ಎಂದರೆ ಮೂರೇ.

ಆ ಕಣ್ಣು ಅವಳಿಗೆ ಬಂದದ್ದು ದೋಣಿಗಳಿಂದ. ತೆಂಗಿನಗುಂಡಿಯಲ್ಲಿ ತಂದೆಯ ದೋಣಿ ಬೆಳಗಿನ ಹೊತ್ತು ದಡಕ್ಕೆ ತಿರುಗುವಾಗ ಮರಳಲ್ಲಿ ಕೂತ ಹುಡುಗಿ ದೂರದಿಂದಲೇ, ಯಾವ ಮಗ್ಗುಲಿಗೆ ಬಂಗಡೆ ಹೆಚ್ಚು ತುಂಬಿದೆಯೆಂದು ಹೇಳುತ್ತಿದ್ದಳಂತೆ. ಮುಂದೆ ಕುಮಟೆಯ ಉಪ್ಪಿನ ಲಾರಿಯ ಧಣಿಯೊಬ್ಬರು, ಕಮಾನು ಪೂರಾ ಬದಲಿಸಬೇಕೆಂದು ಹಟ ಹಿಡಿದು ಬಂದಾಗ, ಅವಳು ಲಾರಿಯ ಹಿಂದೆ ಅರ್ಧ ಗಳಿಗೆ ನಿಂತು, ತಳದ ಹಲಗೆ ಕೀಳಿಸಿ, ಎಷ್ಟೋ ವರ್ಷಗಳಿಂದ ಒಂದೇ ಮೂಲೆಯಲ್ಲಿ ಗಟ್ಟಿಗಟ್ಟಿದ್ದ ಕೆಸರು-ಉಪ್ಪನ್ನು ತೋರಿಸಿದ್ದಳು. "ಪಟ್ಟಿ ಸಮ ಅದೆ. ನಿಮ್ಮ ಮಣ್ಣು ತೆಗೀರಿ," ಎಂದು ಸುತ್ತಿಗೆ ಮುಟ್ಟದೆ ಕಳಿಸಿದಳು. ಆ ಧಣಿ ಅವಮಾನವಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರಿಂದಲೇ ಅವಳ ಹೆಸರು ಕುಮಟೆಯವರೆಗೆ ಹಬ್ಬಿತು.

ಆದರೆ ಅಂಗಡಿಯ ಹಲಗೆಯ ಮೇಲೆ ಇದ್ದ ಹೆಸರು ಅವಳದಲ್ಲ, ಗಂಡ ಮಾಸ್ತಿಯದು. ಅವನೂ ಅದೇ ಕಡಲಿನ ಮಗ. ಸಮುದ್ರದಲ್ಲಿ ತಲೆಸುತ್ತು ಬರುತ್ತಿದ್ದುದರಿಂದ ಬಲೆ ಬಿಟ್ಟು ಹುಬ್ಬಳ್ಳಿಗೆ ಹೋಗಿ ಲಾರಿ ಗ್ಯಾರೇಜಿನಲ್ಲಿ ಕಮಾನಿನ ಕೆಲಸ ಕಲಿತು ಬಂದಿದ್ದ. ಎಡಗೈಯವನು. ಅವನ ಪೆಟ್ಟು ಗಡಿಯಾರದಂತೆ ಒಂದೇ ತೂಕದ್ದಾದರೂ ಕಣ್ಣು ಮಾತ್ರ ಮೋಸ ಮಾಡುತ್ತಿತ್ತು. ತಾನು ಸಮ ಎಂದುಕೊಂಡದ್ದು ಯಾವಾಗಲೂ ಒಂದೆರಡು ಅಕ್ಕಿಕಾಳು ಎಡಕ್ಕೆ ಇಳಿದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ, ಆಗಿನ್ನೂ ಬರಿಯ ಬೆಳ್ಳಿಯಾಗಿದ್ದ ಇವಳು ಊಟದ ಬುತ್ತಿ ತಂದಾಗ ಹಿಂದಿನಿಂದ ನೋಡಿ, ಸಂಕೋಚದಿಂದಲೇ ಅದನ್ನು ಹೇಳಿದ್ದಳು. ಅವನಿಗೆ ಸಿಟ್ಟು ಬಂತು. ಕಡ್ಡಿ ಹಿಡಿದು ನೋಡಿದ. ಆಮೇಲೆ ಸಿಟ್ಟು ಬರಲಿಲ್ಲ. ಅಂದಿನಿಂದ ಪಟ್ಟಿಯ ತುದಿ ಹಿಡಿಯುವವಳೂ ಅವಳೇ, ಹಿಂದೆ ನಿಂತು ಹೇಳುವವಳೂ ಅವಳೇ. ಅವನು ತಿರುಗಿ ನೋಡುತ್ತಿರಲಿಲ್ಲ. ಅವಳು ಹೇಳುವಳು, ಅವನು ಹೊಡೆಯುವನು. ಎಂಟು ವರ್ಷ ಅವರ ದಾಂಪತ್ಯದ ಬಹುಪಾಲು ಮಾತುಕತೆ ಇಷ್ಟೇ ಆಗಿತ್ತೆಂದೂ, ಅದು ಸಾಲದೆಂದು ತನಗೆ ಒಂದು ದಿನವೂ ಅನಿಸಲಿಲ್ಲವೆಂದೂ ಅವಳು ಹೇಳುತ್ತಿದ್ದಳು.

ಎಪ್ಪತ್ತಾರರಲ್ಲಿ ಭಟ್ಕಳದ ಗಾಳಿಯಲ್ಲೇ ದುಬೈ ಇತ್ತು. ಏಜೆಂಟನೊಬ್ಬ ಬಂದ, ಕಮಾನಿನ ಕೆಲಸದವರಿಗೆ ಅಲ್ಲಿ ಬಹಳ ಮಾನ ಎಂದ. ಮಾಸ್ತಿ ಹೊರಟ ದಿನ ಕೇರಿಯವರು ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಹಾರ ಹಾಕಿದರು. ಬಾಂಬೆಯಿಂದ ಒಂದು ಕಾಗದ ಬಂತು, ಎರಡು ವಾರದಲ್ಲಿ ವಿಮಾನ ಎಂದು. ಆ ಮೇಲೆ ಏನೂ ಬರಲಿಲ್ಲ.

ಬೆಳ್ಳಕ್ಕ ಮೂರು ತಿಂಗಳು ಅಂಗಡಿಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ತಿಂಗಳು ಅವನ ಅಂಗಿ ತೊಟ್ಟು ಸುತ್ತಿಗೆ ಎತ್ತಿದಳು. ಪಟ್ಟಿ ಹಿಡಿಯಲು ಅತ್ತೆ ಮಾದಿ ಬಂದಳು. ಮಾದಿಯ ಕಣ್ಣು ಆಗಲೇ ಮಂಜಾಗಿತ್ತು, ಆದರೆ ಹಿಡಿತ ಬಿಗಿ. ಪೆಟ್ಟು ಬಿದ್ದಾಗ ಪಟ್ಟಿ ಅವಳ ಕೈಯಲ್ಲಿ ಕದಲುತ್ತಿರಲಿಲ್ಲ. ಹೆದ್ದಾರಿಯಲ್ಲಿ ಹೋಗುವವರು ಈ ಎರಡು ಹೆಂಗಸರನ್ನು ನಿಂತು ನೋಡುತ್ತಿದ್ದರು, ನಗುತ್ತಿದ್ದರು, ಕೊನೆಗೆ ತಮ್ಮ ಗಾಡಿ ವಾಲಿದಾಗ ಬರುತ್ತಿದ್ದರು. ಪ್ರತಿಯೊಂದು ವಾಹನಕ್ಕೂ ಮಾದಿಯದು ಒಂದೇ ಪ್ರಶ್ನೆ: "ಎಲ್ಲಿಂದ ಬಂದ ಗಾಡಿ?" ಹೊನ್ನಾವರ, ಕುಮಟೆ, ಮುರ್ಡೇಶ್ವರ ಎಂದು ಉತ್ತರ ಬರುತ್ತಿತ್ತು. ಮುದುಕಿ ತಲೆಯಾಡಿಸಿ ಪಟ್ಟಿ ಹಿಡಿಯುತ್ತಿದ್ದಳು.

ಎಂಬತ್ತೆರಡರ ಮೇ ತಿಂಗಳಲ್ಲಿ ಬಾಂಬೆಯ ನಂಬರಿನ ಬಿಳಿ ಫಿಯೆಟ್ಟೊಂದು ಆ ಕೆಂಪುಕಲ್ಲಿನ ನೆಲದ ಮೇಲೆ ಬಂದು ನಿಂತಿತು. ಅಂಥ ತಗ್ಗಿದ ಕಾರನ್ನು ಭಟ್ಕಳ ಕಂಡಿರಲಿಲ್ಲ. ಕೋಳಿಯೊಂದು ಮೊಟ್ಟೆಯ ಮೇಲೆ ಕೂತಂತೆ ಇತ್ತು. ಒಡೆಯ ಮೀರಾನ್ ಸಾಹೇಬರು ಬಾಂಬೆಯಲ್ಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಭಟ್ಕಳದವರೇ. ಮದುವೆಗೆಂದು ತಾಯಿಯನ್ನು ಕರೆದುಕೊಂಡು ಊರಿಗೆ ಬಂದಿದ್ದರು.

"ಅಮ್ಮನಿಗೆ ಕಾಲು ಎತ್ತೂಕಾಗೂದಿಲ್ಲ, ಬೆಳ್ಳಕ್ಕ. ಮೊಣಕಾಲು ಹೋಗಿದೆ. ಅದಕ್ಕೇ ಗಾಡಿನೇ ಕೆಳಗಿಳಿಸಿದೆ," ಎಂದರು. "ಈಗ ಒಂದು ಬದಿ ವಾಲಿ ಸೈಲೆನ್ಸರ್ ನೆಲಕ್ಕೆ ಉಜ್ಜೂದು. ಅಮ್ಮನೂ ಬಾಗಿಲಿಗೆ ಜಾರ್ತಾರೆ."

ಅವಳು ಹಿಂದೆ ಹೋಗಿ ನಿಂತಳು. ಎಡಕ್ಕೆ ನಾಲ್ಕು ಅಕ್ಕಿಕಾಳು. ನಾಲ್ಕೂ ಗಾಲಿಗಳ ಗಾಳಿ ನೋಡಿದಳು, ಡಿಕ್ಕಿಯ ಸಾಮಾನು ಇಳಿಸಿದಳು. ವಾಲು ಹಾಗೆಯೇ ಇತ್ತು. ರೋಗ ಮುಂದಿನದೋ ಹಿಂದಿನದೋ ತಿಳಿಯಲು ಮುಂಭಾಗದ ನಟ್ಟನಡುವೆ ಒಂದೇ ಜಾಕು ಕೊಟ್ಟು ಎತ್ತಿದಳು. ಮುಂದಿನ ಗಾಲಿಗಳೆರಡೂ ನೆಲ ಬಿಟ್ಟ ಮೇಲೂ ಕಾರು ಎಡಕ್ಕೇ ತೂಗಿತು. ಹಾಗಾದರೆ ತಪ್ಪು ಹಿಂದಿನ ಕಮಾನಿನದು. ಎಡಗಡೆಯ ಕಟ್ಟನ್ನು ಬಿಚ್ಚಿ, ಪಟ್ಟಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮಣ್ಣು ಒರೆಸಿದಳು.

ಉದ್ದದ ಪಟ್ಟಿಯ ಉಬ್ಬಿನ ಮೇಲೆ ಸಾಲಾಗಿ ಪೆಟ್ಟಿನ ಗುರುತುಗಳಿದ್ದವು. ಸುತ್ತಿಗೆಯ ಅಂಚು ಕಚ್ಚಿ ಮೂಡಿದ ಅರೆಚಂದ್ರಗಳು. ಬೆರಳಗಲಕ್ಕೊಂದು, ಒಂದೇ ತೂಕ, ಒಂದೇ ಆಳ, ಎಲ್ಲವೂ ಬಲಗೈಯವರ ಪೆಟ್ಟಿಗೆ ವಿರುದ್ಧ ದಿಕ್ಕಿಗೆ ಹೊರಳಿದ್ದವು.

ಆ ಕ್ಷಣದಲ್ಲಿ ತನಗೆ ಸಂತೋಷವಾಯಿತೆಂದು ಹೇಳಲಾರೆ ಎಂದಿದ್ದಳು ಬೆಳ್ಳಕ್ಕ. ಆರು ವರ್ಷ ಅವಳು ಅವನನ್ನು ಕಡಲಿನಾಚೆ ಇಟ್ಟುಕೊಂಡಿದ್ದಳು. ಅಷ್ಟು ದೂರದಿಂದ ಬರಲಾಗದವನನ್ನು ಕ್ಷಮಿಸುವುದು ಕಷ್ಟವಿರಲಿಲ್ಲ. ಬಾಂಬೆ ಎಂದರೆ ಒಂದು ರಾತ್ರಿಯ, ಒಂದು ಹಗಲಿನ ಬಸ್ಸು. ತನ್ನ ಕಣ್ಣನ್ನು ತಾನೇ ನಂಬದೆ, ಅವಳು ಏನೂ ಹೇಳದೆ ಆ ಪಟ್ಟಿಯನ್ನು ಅತ್ತೆಯ ಕೈಗಿತ್ತಳು. ಹಿಡಿತ ಹುಡುಕುತ್ತಿದ್ದ ಮಾದಿಯ ಹೆಬ್ಬೆರಳು ಗುರುತುಗಳ ಮೇಲೆ ಒಂದು, ಎರಡು, ಮೂರು ಎಂದು ಜಾರಿ ನಿಂತುಬಿಟ್ಟಿತು. ಮುದುಕಿ ಕೇಳಿದಳು:

"ಎಲ್ಲಿಂದ ಬಂದ ಗಾಡಿ?"

"ಬಾಂಬೆ," ಎಂದಳು ಬೆಳ್ಳಕ್ಕ.

ಮೀರಾನ್ ಸಾಹೇಬರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವಳು ಕೈ ಒರೆಸಿಕೊಂಡು ಹೋಗಿ, ಈ ಕೆಲಸ ಯಾರದು ಎಂದು ಕೇಳಿದಳು.

"ಕುರ್ಲಾದಲ್ಲಿ ಒಬ್ಬ. ಎಡಗೈಯವ. ಮಾತು ಕಡಿಮೆ. ಯಾಕೆ, ಹಾಳು ಮಾಡಿದಾನಾ?"

"ಕೈ ಒಳ್ಳೇದದೆ," ಎಂದಳು. ಹೆಸರು ಕೇಳಲಿಲ್ಲ, ಬಿಡಾರ ಎಲ್ಲಿ, ಹೆಂಡತಿ ಮಕ್ಕಳಿದ್ದಾರೆಯೇ ಎಂದೂ ಕೇಳಲಿಲ್ಲ. "ಆ ಮನುಷ್ಯನ ಸಂಗಡ ಹಿಂದೆ ನಿಂತು ನೋಡೂರು ಯಾರಿದ್ರು?"

ಸಾಹೇಬರಿಗೆ ಪ್ರಶ್ನೆ ವಿಚಿತ್ರವೆನಿಸಿತು. "ಯಾರೂ ಇಲ್ಲ. ಒಬ್ನೇ ಹೊಡೀತಾನೆ, ಒಬ್ನೇ ಓಡಿ ಬಂದು ಹಿಂದಿಂದ ನೋಡ್ತಾನೆ, ಮತ್ತೆ ಓಡ್ತಾನೆ."

"ಅದಕ್ಕೇ ವಾಲಿದ್ದು," ಎಂದಳು ಬೆಳ್ಳಕ್ಕ. ಆರು ವರ್ಷಗಳಲ್ಲಿ ಮೊದಲ ಬಾರಿ ಅವಳ ಎದೆಯಲ್ಲಿ ಏನೋ ಕೂತುಕೊಂಡಿತು.

ಕೆಲಸ ಎರಡು ದಿನ ಹಿಡಿಯಿತು. ತಗ್ಗಿಸಲು ಹೊಡೆಯುವುದು ಪಟ್ಟಿಯ ಉಬ್ಬಿಗೆ. ಎತ್ತರಿಸಲು ಅದನ್ನು ಮಗುಚಿ ಒಳಬಾಗಿಗೆ. ಹೀಗಾಗಿ ಅವಳ ಒಂದು ಪೆಟ್ಟೂ ಅವನ ಗುರುತನ್ನು ಅಳಿಸಲಿಲ್ಲ. ಉಕ್ಕಿನ ಒಂದು ಮೈಗೆ ಅವನದು, ಇನ್ನೊಂದು ಮೈಗೆ ಇವಳದು. ಕಟ್ಟು ಬಿಗಿದು, ಕಾರಿನ ಮೂಲೆಗಳನ್ನು ಒತ್ತಿ ಒತ್ತಿ ಬಿಟ್ಟು, ಅದು ತಾನಾಗಿ ನಿಂತ ಮೇಲೆ ಕಡ್ಡಿ ಹಿಡಿದಳು. ತಾಯಿಗೆ ಬೇಕಾದಷ್ಟು ತಗ್ಗು ಉಳಿದಿತ್ತು, ವಾಲು ಹೋಗಿತ್ತು. ಸಾಹೇಬರ ತಾಯಿ ಸೀಟಿನಲ್ಲಿ ಕುಳಿತು, ಜಾರದೆ, ಸಮಾಧಾನದ ಉಸಿರು ಬಿಟ್ಟರು. ಮದುವೆ ಮುಗಿದು ಬಾಂಬೆಗೆ ಹೊರಟಿದ್ದ ಅವರ ಪಕ್ಕದ ಜಾಗ ಖಾಲಿಯಿತ್ತು.

"ಹೋಗು," ಎಂದಳು ಮಾದಿ. "ಕರ್ಕಂಡು ಬಾ ಅಂತ ಹೇಳೂದಿಲ್ಲ ನಾನು. ನೋಡ್ಕಂಡು ಬಾ."

ಹಾಗೆ ಬೆಳ್ಳಕ್ಕ ತಾನು ದುರಸ್ತಿ ಮಾಡಿದ ಕಾರಿನಲ್ಲಿ ಜೀವಮಾನದಲ್ಲಿ ಮೊದಲ ಸಲ ಕುಳಿತಳು. ಹೊನ್ನಾವರ ಹೋಯಿತು, ಧಾರೇಶ್ವರದ ಬಳಿ ತೋರಿದ ಕಡಲು ಹಿಂದಾಯಿತು, ಕುಮಟೆಯೂ ಹೋಯಿತು; ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿ ಹಿಂದಿನ ಕಮಾನಿನ ಸದ್ದನ್ನೇ ಆಲಿಸುತ್ತಿದ್ದಳಂತೆ.

ಕುರ್ಲಾದ ಓಣಿಯಲ್ಲಿ ಅವನು ಬೆನ್ನು ಹಾಕಿ ನಿಂತಿದ್ದ. ಭುಜ ಸಣ್ಣಗಾಗಿತ್ತು, ಕತ್ತಿನ ಕೂದಲು ಬಿಳಿಯಾಗಿತ್ತು. ಟ್ಯಾಕ್ಸಿಯೊಂದಕ್ಕೆ ಕಮಾನು ಕಟ್ಟಿ, ಜಾಕು ಇಳಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದ, ತಲೆ ಕೆರೆದುಕೊಂಡ, ಸಮ ಎಂದುಕೊಂಡು ಸಾಮಾನು ಎತ್ತಿಡಲು ಬಗ್ಗಿದ. ಅಷ್ಟರಲ್ಲಿ ಅವಳ ಬಾಯಿಂದ, ಹಳೆಯ ಅಭ್ಯಾಸಬಲದಿಂದ, ತಾನಾಗಿ ಮಾತು ಬಂತು:

"ಎಡ ಎತ್ತಬೇಕು. ಎರಡು ಅಕ್ಕಿಕಾಳು."

ಅವನು ತಿರುಗಿ ನೋಡದೆ ಹೋಗಿ ಮತ್ತೆ ಜಾಕು ಕೊಟ್ಟ. ಎರಡು ಸಲ ಹಿಡಿಕೆ ತಿರುವಿದ ಮೇಲೆ ಅವನ ಕೈ ನಿಂತುಹೋಯಿತು. ಹಾಗೆಯೇ ಕುಕ್ಕರುಗಾಲಲ್ಲಿ, ಗಾಲಿಯ ಕಡೆ ಮುಖಮಾಡಿ, ಅವನು ಎಷ್ಟು ಹೊತ್ತು ಕೂತಿದ್ದನೋ ಅವಳಿಗೆ ನೆನಪಿಲ್ಲ. ಅವಳೂ ಕರೆಯಲಿಲ್ಲ. ಅವನು ಎದ್ದು ತಿರುಗಿದಾಗ ಕೇಳಿದ ಮೊದಲ ಮಾತು, "ಅಬ್ಬೆ ಇದ್ದಾಳಾ?" ಎಂಬುದು.

ನಾಲ್ಕು ದಿನ ಅವಳು ಅಲ್ಲಿದ್ದಳು. ಏಜೆಂಟ ನಲವತ್ತು ಮಂದಿಯನ್ನು ಬಾಂಬೆಯಲ್ಲೇ ಬಿಟ್ಟು ಮಾಯವಾದದ್ದನ್ನು ಅವನು ಹೇಳಿದ. ಕೊರಳಿಗೆ ಹಾರ ಹಾಕಿಸಿಕೊಂಡು ಬಂದವನು ಬರಿಗೈಯಲ್ಲಿ ಅದೇ ಬಸ್‌ಸ್ಟ್ಯಾಂಡಿನಲ್ಲಿ ಹೇಗೆ ಇಳಿಯುವುದೆಂದು ಒಂದು ವರ್ಷ ಕಳೆಯಿತು. ಒಂದು ವರ್ಷ ಸುಮ್ಮನಿದ್ದವನು ಎರಡನೆಯ ವರ್ಷ ಏನೆಂದು ಕಾಗದ ಬರೆಯುವುದೆಂದು ಮತ್ತೊಂದು. ಬೇರೆ ಸಂಸಾರವೇನೂ ಇರಲಿಲ್ಲ; ನಾಚಿಕೆಯೊಂದೇ ಅವನ ಜೊತೆ ಮನೆಮಾಡಿಕೊಂಡಿತ್ತು. ಆ ನಾಲ್ಕು ದಿನ ಅವರಿಬ್ಬರೂ ಓಣಿಯಲ್ಲಿ ಆರು ಟ್ಯಾಕ್ಸಿಗಳನ್ನು ಕೂರಿಸಿದರು. ಅವಳು ಹೇಳಿದಳು, ಅವನು ಹೊಡೆದ. ಐದನೆಯ ದಿನ ಅವನು, "ಚೌತಿಗೆ ಬರ್ತೆ," ಎಂದ. ಅವಳು ಒಬ್ಬಳೇ ಬಸ್ಸು ಹತ್ತಿದಳು.

ಊರಿಗೆ ಬಂದು ಮಾದಿಗೆ ಎಲ್ಲವನ್ನೂ ಹೇಳಿದಳು, ಕೇರಿಗೆ ಮಾತ್ರ, "ಅದು ಬೇರೆ ಯಾರೋ. ಇವರು ದುಬೈಲೇ ಇದ್ದಾರೆ," ಎಂದಳು. ಮೀರಾನ್ ಸಾಹೇಬರೂ ಆ ಮಾತನ್ನು ಕಾಪಾಡಿದರು. ದುಬೈಯಲ್ಲಿದ್ದೂ ಕಾಗದ ಬರೆಯದವನ ಹೆಂಡತಿಯೆಂದರೆ ಊರು ಅವಳನ್ನು ಯಾವ ಕಣ್ಣಿನಿಂದ ನೋಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮಾನ ಉಳಿಯಲೆಂದು ಅವಳು ಆ ನೋಟವನ್ನು ತನ್ನ ಮೇಲೆ ಎಳೆದುಕೊಂಡಳು. ನಾನೂ ಹಾಗೆ ನೋಡಿದವರಲ್ಲೊಬ್ಬ. ಮರುಮದುವೆಯ ಮಾತನ್ನು ಬಹಳ ಸುಸಂಸ್ಕೃತವಾಗಿ ಎತ್ತಿ, ಅವಳು ಕಮಾನಿನ ಬೋಲ್ಟು ಹುಡುಕುವ ನೆಪದಲ್ಲಿ ಒಳಗೆ ಹೋದ ಮೇಲೂ ಅರ್ಥವಾಗದೆ ಕುಳಿತಿದ್ದೆ.

ಚೌತಿ ಬಂತು, ಹೋಯಿತು. ಮತ್ತೆ ಮೂರು ಚೌತಿಗಳು ಹಾಗೆಯೇ ಹೋದವು. ಚೌತಿಯ ಹಿಂದಿನ ದಿನ ಅವಳು ಗಿರಾಕಿಗಳನ್ನು ಬೇಗ ಸಾಗಹಾಕಿ ನೆಲ ತೊಳೆಯುತ್ತಿದ್ದುದನ್ನು ನಾನು ಒಮ್ಮೆ ಕಂಡಿದ್ದೇನೆ, ಹಬ್ಬಕ್ಕೆಂದು ಭಾವಿಸಿದ್ದೆ.

ಎಂಬತ್ತಾರರ ಮಳೆಗಾಲದಲ್ಲಿ ಮಾದಿ ತೀರಿಕೊಂಡಳು. ತಂತಿ ಕೊಟ್ಟು ಐದು ದಿನಕ್ಕೆ ಮಾಸ್ತಿ ಬಂದ. ಸಂತಾಪ ಹೇಳಲು ಹೋದ ನಾನು ಅವನನ್ನು ಕಂಡೆ: ತಲೆ ಬೋಳಿಸಿ, ಮೂಲೆಯಲ್ಲಿ, ಸಾಲದ ಬಟ್ಟೆ ಉಟ್ಟವನಂತೆ ಕುಗ್ಗಿ ಕೂತಿದ್ದ. ಕೇರಿಯವರು ದುಬೈಯವನನ್ನು ನೋಡಲು ಬಂದರು. ಯಾವ ಕಂಪನಿ, ಎಷ್ಟು ಸೆಕೆ, ಬರುವಾಗ ಎಂತ ತಂದೆ ಎಂದು ಕೇಳಿದರು. ಪ್ರತಿಯೊಂದು ಪ್ರಶ್ನೆಗೂ ಅವನಿಗಿಂತ ಮೊದಲು ಬೆಳ್ಳಕ್ಕನೇ ಉತ್ತರ ಕೊಟ್ಟಳು. ಹದಿನಾಲ್ಕನೆಯ ದಿನ ಅವನು ಬಾಂಬೆಯ ಬಸ್ಸು ಹತ್ತಿದ. ಅವಳು ಬುತ್ತಿ ಕಟ್ಟಿಕೊಟ್ಟಳು, ಬಸ್‌ಸ್ಟ್ಯಾಂಡಿಗೂ ಹೋದಳು.

ಇದೆಲ್ಲ ನನಗೆ ತಿಳಿದದ್ದು ಮರುವರ್ಷ, ಧಾರವಾಡಕ್ಕೆ ವರ್ಗವಾಗಿ, ಕೊನೆಯ ಬಾರಿ ಕಾರು ತೋರಿಸಲು ಹೋದಾಗ. ಅಂದು ಅವಳು ತಾನಾಗಿಯೇ ಹೇಳಿದಳು. ಬಹುಶಃ ನಾನು ಊರು ಬಿಡುವವನಾದ್ದರಿಂದ. ಎಲ್ಲ ಕೇಳಿ, ಓದಿದವರಿಗೆ ಸಹಜವಾದ ಅವಿವೇಕದಿಂದ ನಾನು ಕೇಳಿದೆ: "ಯಾಕೆ ತಡೀಲಿಲ್ಲ, ಬೆಳ್ಳಕ್ಕ? ನೀವು ಹಿಡಿದು ನಿಲ್ಲಿಸಿದ್ದರೆ ನಿಲ್ಲುತ್ತಿದ್ದರು."

ಅವಳು ನನ್ನ ಕಾರಿನ ಹಿಂಭಾಗವನ್ನು ಅಂಗೈಯಿಂದ ಒತ್ತಿ ಹಿಡಿದಳು. ಎಡಬಲ ಎರಡೂ ಒಂದಾಗಿ ಕಂಡವು. ಆಮೇಲೆ ಕೈ ತೆಗೆದಳು. ಕಾರು ಮೇಲೆದ್ದು, ಎರಡು ಸಲ ತೂಗಿ, ತನ್ನ ವಾಲಿಗೇ ಮರಳಿತು.

"ಒತ್ತಿ ಹಿಡಿದ್ರೆ ಎಲ್ಲದೂ ಸಮನೇ ಕಾಣ್ತದೆ, ಮಾಸ್ತರ್ರೆ. ಕೈ ತೆಗೆದ ಮೇಲೆ ಎಲ್ಲಿ ನಿಲ್ತದೋ ಅದೇ ಅದರ ಎತ್ತರ," ಎಂದಳು. "ನಂಗೆ ಆಸೆ ಇಲ್ಲ ಅಂತಲ್ಲ," ಎಂದು ಸೇರಿಸಿದಳು. ಸುತ್ತಿಗೆ ತರಲು ಒಳಗೆ ಹೋದಳು.

ವಿರಹವೆಂದರೆ ಹೊಸ್ತಿಲಲ್ಲಿ ಕೂತು ದಾರಿ ನೋಡುವುದೆಂದು ನಾನು ಬಹುಕಾಲ ತರಗತಿಗಳಲ್ಲಿ ಪಾಠ ಹೇಳಿದ್ದೆ. ಕಾಯುವವರೊಳಗೆ ಇನ್ನೊಂದು ಕುಲವಿದೆ; ಅವರ ಹಂಬಲ ಕಣ್ಣಲ್ಲಿ ನಿಲ್ಲುವುದಿಲ್ಲ, ಕೈಗೆ ಇಳಿದು ದಿನದ ಕೆಲಸವಾಗಿಬಿಡುತ್ತದೆ, ಆದ್ದರಿಂದ ಲೋಕ ಅವರನ್ನು ಗಟ್ಟಿಗರೆಂದು ತಿಳಿದು ಸುಮ್ಮನಾಗುತ್ತದೆ. ಬರಬೇಕಾದವರು ಬಾರದಿದ್ದರೆ ಇವರು ಶಪಿಸುವುದಿಲ್ಲ, ಬಂದವರು ಹೊರಟರೆ ಸೆರಗು ಹಿಡಿಯುವುದಿಲ್ಲ. ಪ್ರೀತಿಸಿದ ಜೀವವನ್ನು ತಮ್ಮ ಆಸೆಯ ಎತ್ತರಕ್ಕೆ ಬಗ್ಗಿಸದೆ, ಅದಕ್ಕೆ ನಿಲ್ಲಲು ಸಾಧ್ಯವಾದ ಎತ್ತರದಲ್ಲಿಯೇ ಅದನ್ನು ಬಿಟ್ಟು, ನಡುವೆ ಉಳಿದ ಅಂತರವನ್ನು ಒಬ್ಬರೇ ಹೊತ್ತುಕೊಂಡು ಬದುಕುತ್ತಾರೆ. ಆ ಅಂತರ ಎಷ್ಟೆಂದು ಅವರಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇರುವುದಿಲ್ಲ.